ಲಿಫ್ಟರ್ ಬದಲಿಸಿದ್ದು, ಹೂಂ ಅಂದದ್ದು

ನನ್ನ ಬೈಕಿನ ಇಂಜಿನ್ನನ್ನು ನಾನೇ ಬಿಚ್ಚಿ, ನಾನೇ ರಿಪೇರಿ ಮಾಡಿದೆ ಎಂದು ಎದೆಯುಬ್ಬಿಸಿ ತಿರುಗಿದ್ದು ಒಟ್ಟು ಹನ್ನೊಂದು ದಿನ. ಹನ್ನೆರಡನೆಯ ದಿನ ಎದೆ ತನ್ನ ಮೊದಲಿನ ಅಳತೆಗೆ ಇಳಿಯಿತು. ನಡುವಿನ ಆ ದಿನಗಳಲ್ಲಿ ಮಾನ್ವಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ರಾಯಚೂರಿನ ನಮ್ಮ ಓಣಿಯ ಕಟ್ಟೆಯ ಮೇಲೆ, ದೇವದುರ್ಗದಲ್ಲಿ ಹೆಂಡತಿಯ ತಮ್ಮನ ಪಡಸಾಲೆಯಲ್ಲಿ ನಾನು ಕೊಟ್ಟ ಉಪನ್ಯಾಸಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಮನೆ ರಾಯಚೂರಿನಲ್ಲಿ, ನೌಕರಿ ಮಾನ್ವಿಯಲ್ಲಿ. ಬಸ್ಸುಗಳು ಬೇಕಾದಷ್ಟಿವೆ. ಆದರೆ ನಿವೃತ್ತರಾದ ಸಹೋದ್ಯೋಗಿಯೊಬ್ಬರು ತಮ್ಮ ಭಾರೀ ಬೈಕನ್ನು ಮಾರುತ್ತೇನೆಂದಾಗ, ಐವತ್ತರ ಗಂಡಸಿಗೆ ಬರಬೇಕಾದ ಬುದ್ಧಿ ಬರದೆ, ಇಪ್ಪತ್ತರಲ್ಲಿ ಬಂದು ಹೋಗಬೇಕಿದ್ದ ಆಸೆ ಬಂತು. ಕೊಂಡೆ. ಅದರ ಮೇಲೆ ಕೂತು ಹೋಗುವಾಗ ರಸ್ತೆ ಬದಿಯ ಎಮ್ಮೆಗಳು ಕೂಡ ನನ್ನನ್ನು ಗೌರವದಿಂದ ನೋಡುತ್ತವೆ ಎಂದು ನನ್ನ ನಂಬಿಕೆ. ಎಮ್ಮೆಗಳು ಎಲ್ಲರನ್ನೂ ಹಾಗೆಯೇ ನೋಡುತ್ತವೆ ಎಂದು ನನ್ನ ಹೆಂಡತಿ ಹುಲಿಗೆಮ್ಮ ಹೇಳುತ್ತಾಳೆ.

ಒಂದು ವರ್ಷ ಚೆನ್ನಾಗಿ ಓಡಿದ ಮೇಲೆ ಇಂಜಿನ್ನಿನೊಳಗೆ ಟಕಟಕ ಶುರುವಾಯಿತು. ಮಾನ್ವಿಯಲ್ಲಿ ಕಾಲೇಜಿಗೆ ಹೋಗುವ ದಾರಿಯಲ್ಲಿ ಗ್ಯಾರೇಜು ಇಟ್ಟಿರುವ ಮೈಬೂಸಾಬರು ಗಾಡಿ ನಿಲ್ಲಿಸುವ ಮೊದಲೇ ಹೇಳಿಬಿಟ್ಟರು: “ಲಿಫ್ಟರ್ ಹೋಗ್ಯಾವ್ರಿ ಸರ. ಒಂದಿನ ಗಾಡಿ ನನ್ನ ಹತ್ರ ಬಿಡ್ರಿ.”

ಇಂಜಿನ್ನಿನ ಸಂಸಾರ ಗೊತ್ತಿಲ್ಲದವರಿಗೆ ಎರಡು ಮಾತು. ಅದರ ತಲೆಯಲ್ಲಿ ಎರಡು ಬಾಗಿಲುಗಳಿರುತ್ತವೆ. ಒಂದರಿಂದ ಪೆಟ್ರೋಲು ಬೆರೆತ ಗಾಳಿ ಒಳಗೆ ಬರುತ್ತದೆ, ಇನ್ನೊಂದರಿಂದ ಹೊಗೆ ಹೊರಗೆ ಹೋಗುತ್ತದೆ. ಇವೇ ವಾಲ್ವು. ಇವುಗಳನ್ನು ತೆರೆಯಲು ಕೆಳಗಿನಿಂದ ಒಂದು ಉಬ್ಬುಗಾಲಿ ತಿರುಗುತ್ತಿರುತ್ತದೆ. ಆ ಗಾಲಿಯ ಮೇಲೆ ಹೆಬ್ಬೆರಳಿನ ಗಾತ್ರದ ಲಿಫ್ಟರ್ ಕೂತಿರುತ್ತದೆ. ಉಬ್ಬು ಬಂದಾಗ ಅದು ಮೇಲೇಳುತ್ತದೆ, ತನ್ನ ತಲೆಯ ಮೇಲಿನ ಉದ್ದನೆಯ ಸರಳನ್ನು ನೂಕುತ್ತದೆ, ಸರಳು ಹೋಗಿ ಬಾಗಿಲು ತೆರೆಯುತ್ತದೆ. ಹಳೆಯ ಗಾಡಿಗಳಲ್ಲಿ ಈ ಜಾಗದಲ್ಲಿ ಬರೀ ಟ್ಯಾಪೆಟ್ ಇರುತ್ತಿತ್ತು. ಅಲ್ಲಿ ಕೂದಲೆಳೆಯಷ್ಟು ಸಂದು ಬಿಡಬೇಕು. ಹೆಚ್ಚಾದರೆ ಬಡಿದಾಡುತ್ತದೆ, ಕಡಿಮೆಯಾದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನನ್ನ ಗಾಡಿಯ ಲಿಫ್ಟರಿನ ಹೊಟ್ಟೆಯಲ್ಲಿ ಎಣ್ಣೆ ತುಂಬಿರುತ್ತದೆ. ಎಷ್ಟು ಸಂದು ಬಿದ್ದರೂ ಆ ಎಣ್ಣೆಯ ಬಲದಿಂದ ತಾನೇ ಹಿಗ್ಗಿ, ಯಾರಿಗೂ ಹೇಳದೆ ತುಂಬಿಕೊಳ್ಳುತ್ತದೆ. ಇಂಥದೊಂದು ಸಾಧನ ಮನೆಗಳಿಗೂ ಬೇಕಿತ್ತು ಎಂದು ಕ್ಲಾಸಿನಲ್ಲಿ ಪ್ರತಿ ವರ್ಷ ಒಂದು ಜೋಕು ಹೇಳುತ್ತೇನೆ. ಹುಡುಗರು ಪ್ರತಿ ವರ್ಷ ನಗುವುದಿಲ್ಲ.

ಇಷ್ಟೆಲ್ಲ ಬೋರ್ಡಿನ ಮೇಲೆ ಬರೆಯಬಲ್ಲವನು ಗಾಡಿಯನ್ನು ಮೈಬೂಸಾಬರ ಹತ್ತಿರ ಏಕೆ ಬಿಡಬೇಕು? ಹೊಸ ಲಿಫ್ಟರುಗಳನ್ನು ತರಿಸಿದೆ. ಒಂದು ಭಾನುವಾರ ಅಂಗಳದ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಫೋನಿನಲ್ಲಿ ಒಂದು ವಿಡಿಯೋ ಹಚ್ಚಿಕೊಂಡು ಕೂತೆ. ವಿಡಿಯೋದ ಮನುಷ್ಯ ಯಾಕೋ ಬಾಯೊಳಗೇ ಮಾತಾಡುತ್ತಿದ್ದ. ಇತ್ತೀಚೆಗೆ ಎಲ್ಲರದೂ ಅದೇ ರೋಗ ಎಂದು ನನ್ನ ದೂರು. ಹುಡುಗರು ವೈವಾದಲ್ಲಿ ಗೊಣಗುತ್ತಾರೆ, ಬ್ಯಾಂಕಿನವರು ಗಾಜಿನ ಹಿಂದೆ ತುಟಿ ಮಾತ್ರ ಆಡಿಸುತ್ತಾರೆ, ಟೀವಿಯವರಿಗೆ ದನಿಯೇ ಇಲ್ಲ. ಇಡೀ ರಾಯಚೂರು ಜಿಲ್ಲೆ ಪಿಸುಮಾತಿಗೆ ಇಳಿದಿದೆ ಎಂದು ನಾನು ತೀರ್ಮಾನಿಸಿದ್ದೆ. ಹಜಾರದ ಗಡಿಯಾರ ಕೂಡ ಟಿಕ್ ಅನ್ನುವುದನ್ನು ಬಿಟ್ಟಿತ್ತು. ಸೆಲ್ಲು ಬದಲಿಸಿದೆ. ಆಗಲೂ ಸದ್ದಿಲ್ಲ. ಆದರೆ ಟೈಮು ಸರಿ ತೋರಿಸುತ್ತಿತ್ತು, ಬಿಟ್ಟೆ.

ಹೀಗಾಗಿ ವಿಡಿಯೋವನ್ನು ನೋಡಿಯೇ ಅರ್ಥ ಮಾಡಿಕೊಂಡೆ. ಮೇಲಿನ ಮುಚ್ಚಳ ಬಿಚ್ಚಿದೆ, ಸರಳುಗಳನ್ನು ಎಳೆದು ಇಟ್ಟೆ, ಕಡ್ಡಿಗೆ ಕಟ್ಟಿದ ಅಯಸ್ಕಾಂತವನ್ನು ಬಾವಿಗೆ ಕೊಡ ಇಳಿಸಿದಂತೆ ಇಳಿಸಿ ಹಳೆಯ ಲಿಫ್ಟರುಗಳನ್ನು ಮೇಲೆತ್ತಿದೆ. ಹೊಸದನ್ನು ಡಬ್ಬಿಯಿಂದ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿದೆ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಮುಗಿಯಿತು. ಕೈಯಲ್ಲಿ ಒಂದು ನಟ್ಟೂ ಉಳಿಯಲಿಲ್ಲ ಎಂಬುದು ನನಗೇ ಆಶ್ಚರ್ಯ. ಇಂಥ ಶುಭ ಘಳಿಗೆಯಲ್ಲಿ ಗ್ರೀಸು ಮೆತ್ತಿದ ಮೈಯಲ್ಲಿ ಗಾಡಿ ಚಾಲೂ ಮಾಡಬಾರದೆಂದು ತಲೆಯ ಮೇಲೆ ನಾಲ್ಕು ತಂಬಿಗೆ ಹೆಚ್ಚಿಗೇ ಸುರಿದುಕೊಂಡು ಸ್ನಾನ ಮಾಡಿ ಬಂದು ಬಟನ್ನು ಒತ್ತಿದೆ.

ಸದ್ದೇ ಇಲ್ಲ! ದೂರದಲ್ಲೆಲ್ಲೋ ಯಾರೋ ಹತ್ತಿ ಹಿಂಜುತ್ತಿದ್ದಾರೆ ಎನ್ನುವಷ್ಟು ಮೆತ್ತಗೆ ಇಂಜಿನ್ನು ಉಸಿರಾಡುತ್ತಿತ್ತು. ಜೋಳದ ಹಿಟ್ಟಿನ ಕೈಯಲ್ಲೇ ಹುಲಿಗೆಮ್ಮ ಬಾಗಿಲಿಗೆ ಬಂದು ಏನೋ ಹೇಳಿದಳು. ಹೊಗಳಿಕೆಯೇ ಇರಬೇಕೆಂದು ನಾನು ಕೈ ಎತ್ತಿ ಸ್ವೀಕರಿಸಿದೆ.

ಮುಂದಿನ ಭಾನುವಾರ ದೇವದುರ್ಗದಲ್ಲಿ ನನ್ನ ಹೆಂಡತಿಯ ತಮ್ಮ ದುರ್ಗಪ್ಪನ ಮಗಳ ತೊಟ್ಟಿಲು ಕಾರ್ಯ. ಬಸ್ಸಿಗೆ ಹೋಗೋಣ ಎಂದು ಅವಳು ಹೇಳುವ ಮೊದಲೇ ನಾನು ಹೆಲ್ಮೆಟ್ ಹಾಕಿಕೊಂಡಿದ್ದೆ. ಗಬ್ಬೂರು ದಾಟುವವರೆಗೆ ಇಂಜಿನ್ನಿನ ಮೌನವನ್ನು ಆಸ್ವಾದಿಸುತ್ತ ಹೊರಟೆ. ಹುಲಿಗೆಮ್ಮ ಹಿಂದಿನಿಂದ ಬಹಳ ಹೊತ್ತು ಏನೋ ಮಾತಾಡಿದಳು. ಬೆನ್ನಿಗೆ ಅವಳ ಉಸಿರು ತಾಗುವುದರಿಂದ ಮಾತು ನಡೆದಿದೆ ಎಂದು ತಿಳಿಯುತ್ತಿತ್ತು. ಮಾತು ಯಾವುದು ಎಂದು ತಿಳಿಯುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವನಿಗೆ ಇದು ದೊಡ್ಡ ಸಮಸ್ಯೆಯಲ್ಲ. ಉಸಿರು ನಿಂತ ಕಡೆ ಹೂಂ ಅಂದರಾಯಿತು. ಅಂದೆ. ಅವಳು ಇನ್ನೊಮ್ಮೆ ಕೇಳಿದಂತಾಯಿತು. ಇನ್ನಷ್ಟು ಗಟ್ಟಿಯಾಗಿ ಹೂಂ ಅಂದೆ. ಅವಳು ನನ್ನ ಭುಜವನ್ನು ಒತ್ತಿ ಹಿಡಿದಳು. ಬಿಸಿಲಿಗೆ ತಲೆ ತಿರುಗಿರಬೇಕೆಂದು ವೇಗ ಕಡಿಮೆ ಮಾಡಿದೆ.

ದೇವದುರ್ಗದಲ್ಲಿ ಇಳಿದು ಹೆಲ್ಮೆಟ್ ತೆಗೆಯುವುದರೊಳಗೆ ಅವಳು ಒಳಗೆ ಹೋಗಿದ್ದಳು. ಎರಡು ನಿಮಿಷಕ್ಕೆ ದುರ್ಗಪ್ಪ ಓಡಿ ಬಂದು ನನ್ನನ್ನು ತಬ್ಬಿಕೊಂಡ. ಬಾಯಿಗೆ ಒಂದು ಪೇಡೆ ತುರುಕಿದ.

“ಮಾಮಾ, ದೊಡ್ಡ ಮನಸ್ಸು ಮಾಡಿದ್ರಿ! ಅಕ್ಕ ಈ ಸಲ ಅರಕೇರಾಕ್ಕ ಹೆಡ್‌ಮೇಡಂ ಆಗಿ ಬರಾಕ ನೀವ ಹೂಂ ಅಂದ್ರಂತ!” ಎಂದು ನನ್ನ ಕಿವಿಯ ಹತ್ತಿರವೇ ಕೂಗಿದ.

ನಾನು ಪೇಡೆಯನ್ನು ಅಗಿಯದೆ ನುಂಗಿದೆ. ಹುಲಿಗೆಮ್ಮ ರಾಯಚೂರಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಅವಳಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಎರಡು ಸಲ ಬಂದಿತ್ತು, ಎರಡು ಸಲವೂ ಬೇಡವೆಂದು ಬರೆದುಕೊಟ್ಟು ಬಂದಿದ್ದಳು. ಮೊದಲ ಸಲ ಮಗಳ ಹತ್ತನೆಯ ಕ್ಲಾಸು. ಎರಡನೆಯ ಸಲ ಕಾರಣ ನಾನು. “ಅಷ್ಟು ದೂರ ಹೋದರೆ ನನ್ನ ಊಟದ ಗತಿ?” ಎಂದು ನಾನು ಕೇಳಿದ್ದೆ, ಅವಳು ಅಡುಗೆಮನೆಗೆ ಹೋಗಿದ್ದಳು. ಆ ಸಂದು ತುಂಬಿದ್ದು ಯಾರು, ಹೇಗೆ ಎಂದು ಭೌತಶಾಸ್ತ್ರದ ಉಪನ್ಯಾಸಕನಿಗೆ ಹೊಳೆಯಲಿಲ್ಲ. ಈಗ ಅವಳ ಸ್ವಂತ ಊರಾದ ಅರಕೇರಾದಲ್ಲಿ, ಅವಳೇ ಓದಿದ ಶಾಲೆಯಲ್ಲಿ ಜಾಗ ಖಾಲಿ ಇತ್ತು. ಮಂಗಳವಾರ ಬಡ್ತಿಯ ಜಾಗ ಆರಿಸುವ ಕೌನ್ಸೆಲಿಂಗು. ಹೂಂ ಅಂದರೆ ಸೋಮವಾರದಿಂದ ಶನಿವಾರದವರೆಗೆ ಅವಳು ಅಲ್ಲಿ, ತನ್ನ ತಾಯಿಯ ಮನೆಯಲ್ಲಿ. ನಾನು ಇಲ್ಲಿ, ಒಲೆಯ ಮುಂದೆ.

“ನನಗೆ ಕೇಳಿಸಿರಲಿಲ್ಲ” ಎಂದು ಆಗಲೇ ಹೇಳಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಂದು ಎದುರಿಗೆ ಕೂತರು. ಜೀವಮಾನವಿಡೀ ಕೂಲಿ ಮಾಡಿದ ಕೈಗಳಿಂದ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ದನಿ ದೊಡ್ಡದು, ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿದ ದನಿ. ಆದ್ದರಿಂದ ಪ್ರತಿ ಶಬ್ದವೂ ಕೇಳಿಸಿತು.

“ಯಪ್ಪಾ, ಆ ಸಾಲಿ ಗ್ವಾಡಿಗೆ ನಾನ ಮಣ್ಣು ಹೊತ್ತೀನಿ. ಇಕಿ ಆಗ ನನ್ನ ಹೊಟ್ಟ್ಯಾಗಿದ್ಳು. ಅಲ್ಲಿ ಕುರ್ಚಿ ಮ್ಯಾಲ ನನ್ನ ಮಗಳು ಕುಂದರ್ತಾಳಂದ್ರ ನಿನ್ನ ಪುಣ್ಯೇವು.”

ಇಂಥ ಮಾತಿನ ಮುಂದೆ ಊಟದ ಗತಿ ಎತ್ತುವಷ್ಟು ನೀಚ ನಾನಲ್ಲ ಎಂದು ಬರೆಯಬಹುದಿತ್ತು. ನಿಜ ಹೇಳುತ್ತೇನೆ, ಅಂದು ಅಷ್ಟು ನೀಚನಾಗಿಯೇ ಇದ್ದೆ. ಸೋಮವಾರ ಇಡೀ ದಿನ ‘ಕೇಳಿಸಿರಲಿಲ್ಲ’ ಎಂಬ ಮಾತನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ತಿರುಗಿದೆ. ಹೇಳದಂತೆ ತಡೆದದ್ದು ಪುಣ್ಯವಲ್ಲ, ಜಂಬ. ಕೇಳಿಸಲಿಲ್ಲ ಅಂದರೆ, ಯಾಕೆ ಕೇಳಿಸಲಿಲ್ಲ ಎಂದು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಮತ್ತು ಆ ಉತ್ತರಕ್ಕೆ ನಾನು ಹೆದರುತ್ತಿದ್ದೆ.

ನನ್ನ ತಂದೆ ಗಿಲ್ಲೆಸುಗೂರಿನಲ್ಲಿ ಮಾಸ್ತರರಾಗಿದ್ದರು. ಐವತ್ತು ದಾಟುತ್ತಲೇ ಅವರ ಕಿವಿ ಹೋಯಿತು. ಊರು ಅವರ ಹೆಸರನ್ನು ಮರೆತು ಕೆಪ್ಪ ಮಾಸ್ತರ ಎಂದು ಕರೆಯಿತು. ಹುಡುಗರು ಮಗ್ಗಿ ಒಪ್ಪಿಸುವ ಬದಲು ಸುಮ್ಮನೆ ಬಾಯಾಡಿಸಿ ಹೋಗುತ್ತಿದ್ದರು. ಅಪ್ಪ ‘ಶಾಭಾಸ್’ ಎನ್ನುತ್ತಿದ್ದರು. ಆ ಹುಡುಗರಲ್ಲಿ ನಾನೂ ಒಬ್ಬ. ಹದಿನಾರರ ಮಗ್ಗಿ ನನಗೆ ಇವತ್ತಿಗೂ ಪೂರ್ತಿ ಬರುವುದಿಲ್ಲ. ಈಗ ನನ್ನ ವೈವಾದಲ್ಲಿ ಗೊಣಗುವ ಹುಡುಗರ ಬಾಯಿಗಳು ನೆನಪಾದವು. ಮಂಗಳವಾರ ಹುಲಿಗೆಮ್ಮ ಕೌನ್ಸೆಲಿಂಗಿಗೆ ಹೋದಳು, ಸಹಿ ಮಾಡಿದಳು, ಬಂದಳು. ನಾನು ಟೀವಿಯ ಮುಂದೆ ಕೂತು ಎಲ್ಲ ಕೇಳಿಸಿದವನಂತೆ ತಲೆಯಾಡಿಸುತ್ತಿದ್ದೆ.

ಗುರುವಾರ ಮೈಬೂಸಾಬರು ರಸ್ತೆಗೇ ಬಂದು ಗಾಡಿ ಅಡ್ಡಗಟ್ಟಿದರು. ಸುತ್ತಿಗೆಯ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಅವರ ದನಿಯೂ ದೊಡ್ಡದು. ಹನ್ನೆರಡನೆಯ ದಿನ ಎಂದೆನಲ್ಲ, ಅದು ಇದೇ.

“ಸರ, ಗಾಡಿ ಅಳಾಕತ್ತದ್ರಿ. ನಿಮಗ ಕರುಣಾ ಇಲ್ಲೇನು?”

“ಲಿಫ್ಟರ್ ಹೊಸಾವು ಹಾಕೀನಿ. ನಾನೇ. ಸದ್ದೇ ಇಲ್ಲ ನೋಡ್ರಿ,” ಎಂದೆ.

ಮೈಬೂಸಾಬರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅವರದೊಂದು ಪದ್ಧತಿ ಇದೆ. ತಾವು ಹೇಳಿದ್ದನ್ನು ಗಿರಾಕಿ ನಂಬಬೇಕೆಂದು ಅವರು ಕೇಳುವುದಿಲ್ಲ. ಇಂಜಿನ್ ಬಿಚ್ಚುವ ಮೊದಲು ರೋಗವನ್ನು ಗಿರಾಕಿಗೇ ಕೇಳಿಸುತ್ತಾರೆ. ಅದಕ್ಕೆಂದೇ ಮೊಳದುದ್ದದ ಸ್ಕ್ರೂಡ್ರೈವರ್ ಒಂದಿದೆ. ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ, ಎರಡು ಕಿವಿಗೂ ಬೆರಳು ಇಟ್ಟುಕೊಳ್ಳಬೇಕು. ಆ ಹಿಡಿಕೆಯ ಮೇಲೆ ಮಾನ್ವಿ ತಾಲೂಕಿನ ಬೈಕುಳ್ಳವರ ಹಲ್ಲಿನ ಗುರುತುಗಳೆಲ್ಲ ಇವೆ. ಅದನ್ನು ಸೋಡಾದಲ್ಲಿ ತೊಳೆದು ನನ್ನ ಕೈಗೆ ಕೊಟ್ಟರು.

ವಿಜ್ಞಾನದ ಘನತೆಯನ್ನೆಲ್ಲ ಪಕ್ಕಕ್ಕಿಟ್ಟು, ನಡುರಸ್ತೆಯ ಗ್ಯಾರೇಜಿನಲ್ಲಿ, ನನ್ನ ವಿದ್ಯಾರ್ಥಿಗಳು ಓಡಾಡುವ ಹೊತ್ತಿನಲ್ಲಿ, ನಾನು ಬಗ್ಗಿ ನಿಂತು ಆ ಹಿಡಿಕೆಯನ್ನು ಕಚ್ಚಿದೆ.

ಟಕ್ ಟಕ್ ಟಕ್ ಟಕ್. ತಲೆಬುರುಡೆಯ ಒಳಗೇ ಕಮ್ಮಾರ ಕೂತಂತೆ. ಹೊಸ ಲಿಫ್ಟರುಗಳು, ಹನ್ನೊಂದು ದಿನಗಳಿಂದ, ಸಾವಿರ ಕಿಲೋಮೀಟರು ಅತ್ತದ್ದೆಲ್ಲ ಒಮ್ಮೆಲೇ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ಮೈಬೂಸಾಬರು ಅದನ್ನು ಗಾಡಿಯ ಮೇಲಿನ ಪ್ರೀತಿ ಎಂದುಕೊಂಡರು. ನಾನು ಅತ್ತದ್ದು ಬೇರೆಯದಕ್ಕೆ. ಕಿವಿಯ ನರ ಸತ್ತಿದ್ದರೆ ಹಲ್ಲಿನಿಂದ ಹೋದ ಸದ್ದೂ ಕೇಳಬಾರದು. ಎಲುಬಿನ ದಾರಿಯಲ್ಲಿ ಹೋದದ್ದು ತಲುಪಿತು ಎಂದರೆ ಒಳಗಿನ ಮನೆ ನೆಟ್ಟಗಿದೆ, ಕೆಟ್ಟಿರುವುದು ಹೊರಬಾಗಿಲು. ಇದನ್ನು ಇಪ್ಪತ್ತೈದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಕಿವಿಯೊಳಗಿನ ಮೂರು ಪುಟ್ಟ ಎಲುಬುಗಳು ಒಂದನ್ನೊಂದು ನೂಕುವುದು ಥೇಟು ಲಿಫ್ಟರು, ಸರಳುಗಳಂತೆಯೇ ಎಂದು ಚಿತ್ರ ಬರೆದು ತೋರಿಸುತ್ತೇನೆ. ನನ್ನ ಪಾಠ ನನಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

“ಚಾಚಾ, ನನಗ ಕಿವಿ ಕೇಳಸವಲ್ದು,” ಎಂದೆ. ಯಾರಿಗಾದರೂ ಹೇಳಿದ್ದು ಅದೇ ಮೊದಲು.

“ಗೊತ್ತದ ಬಿಡ್ರಿ,” ಎಂದರು ಅವರು, ಸ್ಪ್ಯಾನರು ಹುಡುಕುತ್ತ. “ಮೊದಲ ಇಂಜಿನ್ ನೋಡೋಣು. ಆಮ್ಯಾಗ ಡಾಕ್ಟರ್ ಕಡಿ ಹೋಗ್ರಿ.”

ಬಿಚ್ಚಿದರು. ಲಿಫ್ಟರಿಗೆ ಎಣ್ಣೆ ಬರುವ ಸಣ್ಣ ದಾರಿಯಲ್ಲಿ ಹಳೆಯ ಎಣ್ಣೆಯ ಕರಿ ಜಿಡ್ಡು ಕಟ್ಟಿಕೊಂಡಿತ್ತು. ದಾರಿ ತೆರೆಯದೆ ಎಷ್ಟು ಹೊಸ ಲಿಫ್ಟರು ಹಾಕಿದರೂ ಅಷ್ಟೇ. ಅದೂ ಅಲ್ಲದೆ ನಾನು ಅವನ್ನು ಒಣಗಿದ ಹೊಟ್ಟೆಯಲ್ಲೇ ಹಾಕಿದ್ದೆ. “ಎಣ್ಯಾಗ ನೆನಸಬೇಕಿತ್ತಲ್ರಿ. ಯಾವ ವಿಡಿಯೋದಾಗರ ಹೇಳೇ ಹೇಳ್ತಾರ,” ಎಂದರು. ಹೇಳಿಯೇ ಇದ್ದನೇನೋ ಆ ಬಾಯೊಳಗೆ ಮಾತಾಡುವವ. ಮೈಬೂಸಾಬರು ಜಿಡ್ಡು ತೊಳೆದು, ಗಾಳಿ ಹೊಡೆದು, ಲಿಫ್ಟರುಗಳನ್ನು ಸ್ಟೀಲಿನ ಬಟ್ಟಲಿನ ಎಣ್ಣೆಯಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ಕೈಯಿಂದಲೇ ಒತ್ತಿ ಒತ್ತಿ ಕುಡಿಸಿದರು. ಜೋಡಿಸಿದ ಮೇಲೂ ಗಾಡಿ ಚಾಲೂ ಮಾಡಲು ಬಿಡಲಿಲ್ಲ. ತುಂಬಿದ ಲಿಫ್ಟರು ತನ್ನ ಹದಕ್ಕೆ ಇಳಿಯಬೇಕು, ಅವಸರ ಮಾಡಿದರೆ ಸರಳು ಬಾಗುತ್ತದೆ ಎಂದು ನನ್ನನ್ನು ಕೂರಿಸಿ ಚಹಾ ತರಿಸಿದರು. ಅರ್ಧ ಗಂಟೆ ಇಬ್ಬರೂ ಸುಮ್ಮನೆ ಕೂತೆವು. ನನ್ನಿಂದ ಮಾತಿಲ್ಲದೆ ಕಳೆದ ಅರ್ಧ ಗಂಟೆ ಅದೊಂದೇ ಇರಬೇಕು.

ರಾಯಚೂರಿನ ಕಿವಿ ಡಾಕ್ಟರು ಟಾರ್ಚು ಹಾಕಿ ನೋಡಿ ನಕ್ಕುಬಿಟ್ಟರು. ಎರಡೂ ಕಿವಿಯಲ್ಲಿ ಗುಗ್ಗೆ ಕಟ್ಟಿ ಕಲ್ಲಾಗಿತ್ತು. ಬೈಕಿನ ಚಾವಿಯಿಂದ ಕಿವಿ ಕೆರೆದುಕೊಳ್ಳುವ ನನ್ನ ಚಟ ಅದನ್ನು ಒಳಗೊಳಗೇ ನೂಕಿತ್ತು. ಅಂದು ತಲೆಯ ಮೇಲೆ ಸುರಿದುಕೊಂಡ ನೀರು ಅದನ್ನು ಉಬ್ಬಿಸಿ ಇದ್ದ ಸಂದನ್ನೂ ಮುಚ್ಚಿತ್ತು. “ಐದು ದಿನ ಎಣ್ಣಿ ಹಾಕ್ರಿ. ನೆನೀಲಿ. ಆಮ್ಯಾಲ ತೊಳಿಯೋಣು. ಅವಸರ ಮಾಡಬ್ಯಾಡ್ರಿ,” ಎಂದರು. ಇವರಿಗೂ ಮೈಬೂಸಾಬರಿಗೂ ಏನಾದರೂ ಸಂಬಂಧವಿದೆಯೇ ಎಂದು ಕೇಳಬೇಕೆನಿಸಿತು.

ತೊಳೆದ ದಿನ ಲೋಕವೆಲ್ಲ ಒಮ್ಮೆಲೇ ಕೂಗತೊಡಗಿತು. ಗಡಿಯಾರ ಟಿಕ್ ಎಂದಿತು. ನನ್ನ ಚಪ್ಪಲಿಗೆ ಸದ್ದಿದೆ ಎಂದು ಗೊತ್ತಾಯಿತು. ಅಪ್ಪನ ಕಿವಿಯನ್ನು ಯಾರಾದರೂ ಒಮ್ಮೆ ಟಾರ್ಚು ಹಾಕಿ ನೋಡಿದ್ದರೇ ಎಂಬ ಪ್ರಶ್ನೆಯೂ ಬಂತು. ನಾವು ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಅದರ ಮುಂದಿನ ಸೋಮವಾರ ಹುಲಿಗೆಮ್ಮ ಅರಕೇರಾದಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ನಾನೇ ಬಿಡಲು ಹೊರಟೆ. ಇಂಜಿನ್ನು ಈಗ ನಿಜವಾಗಿಯೂ ಮೆತ್ತಗಿತ್ತು. ಹೆಂಡತಿಯ ಹೊಸ ಬದುಕು ನನ್ನದೊಂದು ಸುಳ್ಳಿನ ಮೇಲೆ ನಿಂತಿದೆ ಎಂಬುದು ದಾರಿಯುದ್ದಕ್ಕೂ ಚುಚ್ಚುತ್ತಿತ್ತು. ದೇವದುರ್ಗ ದಾಟಿ, ಅರಕೇರಾ ಸಮೀಪಿಸಿದಾಗ ಗಾಡಿ ನಿಧಾನ ಮಾಡಿ ಹೇಳಿಯೇಬಿಟ್ಟೆ.

“ಅವತ್ತು ನೀ ಕೇಳಿದ್ದು ನನಗ ಕೇಳಿಸಿರ್ಲಿಲ್ಲ. ಸುಮ್ನ ಹೂಂ ಅಂದಿದ್ದೆ.”

ಹಿಂದಿನಿಂದ ನಗು ಬಂತು.

“ಗೊತ್ತಿತ್ತ್ರೀ. ನೀವು ಲಿಫ್ಟರ್ ಹಾಕಿದ ದಿನ, ಇನ್ನೂ ಬಡಿಯಾಕತ್ತದಲ್ರೀ ಅಂದೆ. ನೀವು ಮಂತ್ರಿ ಹಂಗ ಕೈ ಎತ್ತಿದ್ರಿ. ಆವತ್ತ ಗೊತ್ತಾತು. ಮನ್ಯಾಗ ಕೇಳಿದ್ರ ಅರ್ಧ ಕೇಳಿಸ್ಕೊಂಡು ಪೂರಾ ಬ್ಯಾಡ ಅಂತೀರಿ. ಅದಕ್ಕ ಗಾಡಿ ಮ್ಯಾಲ ಕೇಳಿದೆ.”

“ಅಲ್ಲಬೇ, ಗಂಡನ ಕಿವಿ ಹೋಗ್ಯಾವಂತ ಗೊತ್ತಿದ್ದೂ...”

“ಡಾಕ್ಟರ್ ಕಡಿ ಹೋಗೋಣು ಅಂತನೂ ಎರಡು ಸಲ ಅಂದೆ. ಅದಕ್ಕೂ ಹೂಂ ಅಂದ್ರಿ.”

ನಾನು ರಸ್ತೆಯನ್ನು ನೋಡಿದೆ. ಎರಡೂ ಕಡೆ ಹತ್ತಿಯ ಹೊಲ. ಹತ್ತು ಮಾರು ದೂರದಲ್ಲಿ ಹಕ್ಕಿಯೊಂದು ಕೂಗಿದ್ದೂ ಕೇಳಿಸುತ್ತಿತ್ತು. ಅಷ್ಟರಲ್ಲಿ ಅವಳು, ಮೊದಲಿಗಿಂತ ಮೆಲ್ಲಗೆ, ಇನ್ನೊಂದು ಮಾತು ಕೇಳಿದಳು.

“ಹೋದ ಸಲ ನಿಮ್ಮ ಊಟಕ್ಕಂತ ಬಿಟ್ಟೆ. ಈ ಸಲ ನಾನು ಹೋಗ್ಲೇನ್ರಿ?”

ನೆಪ ಹೇಳಲು ಗಾಳಿ ಇರಲಿಲ್ಲ, ಟಕಟಕ ಇರಲಿಲ್ಲ, ಗುಗ್ಗೆ ಇರಲಿಲ್ಲ. ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಬಂದು ಕಿವಿಯಲ್ಲಿ ಕೂತಿತು.

“ಹೂಂ,” ಅಂದೆ.

“ಏನಂದ್ರಿ? ಕೇಳಿಸ್ಲಿಲ್ಲ.”

ಗಾಡಿ ಅರಕೇರಾದ ಶಾಲೆಯ ಗೇಟಿನ ಮುಂದೆ ಬಂದಿತ್ತು. ಅತ್ತೆ ಆಗಲೇ ಬಂದು, ತಾವು ಮಣ್ಣು ಹೊತ್ತ ಗೋಡೆಗೆ ಒರಗಿ ನಿಂತಿದ್ದರು. ನಾನು ಇಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಗೇಟಿನೊಳಗಿನ ಮಕ್ಕಳೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಅಂದೆ.